ಆಸ್ಪತ್ರೆಯಲ್ಲಿ ನಮ್ಮತ್ತೆಯ ದಾಸೋಹ

ನಮ್ಮ ಅತ್ತೆಯವರು ಬಹಳ ದಪ್ಪ. ಹೊಳವನಹಳ್ಳಿಯಲ್ಲಿ ಅದನ್ನು ಯಾರೂ ರೋಗವೆನ್ನಲಿಲ್ಲ. ರಾಗಿ ಬೀಸಿ ಬೀಸಿ ಒಣಗಿದ ಹೆಂಗಸರ ನಡುವೆ ಅವರು ಜಗಲಿ ತುಂಬ ಕೂತರೆ, ಈ ಮನೆಗೆ ಶಿವ ಕಣ್ಣು ಬಿಟ್ಟಿದ್ದಾನೆ ಎನ್ನುತ್ತಿದ್ದರು. ಸೊಸೆಯಾದ ನನಗೂ ಅದೊಂದು ಹೆಮ್ಮೆ. ಅವರಿಗೆ ನಾಲ್ಕು ಹೆಜ್ಜೆಗೆ ಏದುಸಿರು, ಸದಾ ಬಾಯಾರಿಕೆ. ಎಲ್ಲ ವಯಸ್ಸಿನದು ಎಂದುಕೊಂಡೆವು.

ಒಮ್ಮೆ ಕಾಲಿನ ಹೆಬ್ಬೆರಳಿಗೆ ಮುಳ್ಳು ಚುಚ್ಚಿದ ಗಾಯ ಮಾಯಲೇ ಇಲ್ಲ. ಅರಿಸಿನ ಕಟ್ಟಿದೆವು, ಹರಕೆ ಹೊತ್ತೆವು. ಬೆರಳು ಕಪ್ಪಾದಾಗ ಗಾಡಿ ಕಟ್ಟಿಸಿ ಮಧುಗಿರಿ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಗಾಜಿನ ಕೊಳವೆಯಲ್ಲಿ ಕಾಯಿಸಿದರು. ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು; ಸಕ್ಕರೆ ಇಲ್ಲದಿದ್ದರೆ ನೀಲಿಯಾಗೇ ಉಳಿಯುತ್ತಿತ್ತಂತೆ.

"ಸಿಹಿಮೂತ್ರದ ಕಾಯಿಲೆ ಕಣಮ್ಮ. ರಕ್ತದ ಒತ್ತಡವೂ ಇದೆ. ಬೆರಳು ತೆಗೀತೀನಿ. ನೀವು ಬಾಯಿ ಕಟ್ಟಿ ಮೈ ಇಳಿಸದಿದ್ದರೆ ಕಾಲೇ ತೆಗೀಬೇಕಾಗುತ್ತೆ."

"ಕಾಲು ತೆಗೆದ್ರೆ ಹೆಂಗೆ ಸ್ವಾಮಿ? ನನ್ನ ಹೊರೋಕೆ ನಾಕು ಜನ ಈಗಿಂದ್ಲೇ ಹುಡುಕ್ಬೇಕಾ?" ಎಂದರು ಅತ್ತೆ. ನಕ್ಕರು, ಆದರೆ ನನ್ನ ಕೈ ಬಿಡಲಿಲ್ಲ.

ಬೆರಳು ಹೋಯಿತು. ದಿನಾ ಸೂಜಿ ಚುಚ್ಚುತ್ತಿದ್ದರು. ನಾನು ಆಸ್ಪತ್ರೆಯ ಹಿತ್ತಲಲ್ಲಿ ಒಲೆ ಹೂಡಿ ಸಣ್ಣ ಮುದ್ದೆ, ಸೊಪ್ಪಿನ ಸಾರು, ನೀರು ಮಜ್ಜಿಗೆ ಕೊಡುತ್ತಿದ್ದೆ. ಆದರೂ ಕೊಳವೆಯ ಬಣ್ಣ ಮಾತ್ರ ಇಟ್ಟಿಗೆಯದೇ.

"ಬೇರೇನು ತಿನ್ನಿಸ್ತಿದ್ದೀಯಮ್ಮ?" ಎಂದು ಡಾಕ್ಟರು ನನ್ನನ್ನು ಕೇಳಿದರು.

"ಶಿವನಾಣೆ, ಏನೂ ಇಲ್ಲ ಸ್ವಾಮಿ."

ಸುಳ್ಳು ಹೇಳಿರಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ಮಂಚದ ಪಕ್ಕದ ತಟ್ಟೆಯ ಮೇಲೆ ಬಿತ್ತು. ಅದರಲ್ಲಿ ತಂಬಿಟ್ಟಿತ್ತು, ಅರ್ಧ ಒಬ್ಬಟ್ಟಿತ್ತು.

"ಇದೇನು ಹಾಗಾದರೆ?"

"ಅದು ಪ್ರಸಾದ."

ನೋಡಲು ಬಂದ ನೆಂಟರೆಲ್ಲ ಯಾವುದೋ ಗುಡಿಯದು, ಮಠದ್ದು ಎಂದು ತರುತ್ತಿದ್ದರು. ನಮ್ಮಲ್ಲಿ ಪ್ರಸಾದ ಬೇಡವೆನ್ನುವಂತಿಲ್ಲ. ಅಂಗೈಯ ಲಿಂಗಕ್ಕೆ ತೋರಿಸಿದ ಮೇಲೆ ಅಗುಳೂ ಬಿಡುವಂತಿಲ್ಲ. ಅದನ್ನು ಊಟದ ಲೆಕ್ಕಕ್ಕೆ ಸೇರಿಸಬೇಕೆಂದು ಅತ್ತೆಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು. "ಪೂಜೆ ಮಾಡಿದರೆ ಬೆಲ್ಲ ಬೇವಾಗುತ್ತೇನಮ್ಮ?"

ಮಾರನೆಯ ದಿನ ನಾದಿನಿ ಗುಡಿಯ ಪ್ರಸಾದವೆಂದು ಕಜ್ಜಾಯದ ಬುಟ್ಟಿ ಹೊತ್ತು ಬಂದಳು. ಅತ್ತೆ ಕಣ್ಣಿಗೊತ್ತಿಕೊಂಡರು. ಕಾಲು ಉಳಿಯಬೇಕು, ಪ್ರಸಾದಕ್ಕೆ ಅಪಚಾರವೂ ಆಗಬಾರದು. ಮನಸ್ಸಿನಲ್ಲೇ ಶಿವನನ್ನು ನೆನೆದು ಕೇಳಿದೆ:

"ಅತ್ತೆಮ್ಮ, ಮನೇಲಿ ಹತ್ತು ಜನಕ್ಕೆ ಇಕ್ಕದೆ ನೀವು ಉಂಡೋರಲ್ಲ. ಇಲ್ಲಿ ಒಬ್ರೇ ಉಣ್ತೀರಾ?"

ಅತ್ತೆ ನನ್ನನ್ನೇ ದಿಟ್ಟಿಸಿದರು. ಆಮೇಲೆ ಬುಟ್ಟಿ ನನ್ನತ್ತ ತಳ್ಳಿದರು.

"ತಗಾ. ಆ ಮೂಲೇಲಿರೋ ಬಾಣಂತಿಗೆ ಮೊದ್ಲು ಕೊಡು, ಮೂಳೆ ಚಕ್ಕಳ ಆಗವ್ಳೆ."

"ಅವ್ವಂಗೆ ಅಂತ ತಂದಿದ್ದು ಕಣಮ್ಮ, ಊರಿಗಲ್ಲ!" ಎಂದು ನಾದಿನಿ ನನ್ನ ಮೇಲೆ ರೇಗಿದಳು.

"ಊರು ಉಂಡ್ರೆ ನಾನು ಉಂಡಂಗೆ ಬುಡು" ಎಂದರು ಅತ್ತೆ. ಸಾಸಿವೆಯಷ್ಟು ಚೂರು ಮುರಿದು, ಲಿಂಗಕ್ಕೆ ತೋರಿಸಿ, ಬಾಯಿಗಿಟ್ಟುಕೊಂಡರು. ಅಷ್ಟೇ.

ಅಂದಿನಿಂದ ಬಂದ ಪ್ರಸಾದವೆಲ್ಲ ಬಡಕಲು ರೋಗಿಗಳ ಪಾಲಾಯಿತು. ಯಾರ ಜಾತಿಯನ್ನೂ ಅತ್ತೆ ಕೇಳಲಿಲ್ಲ. ಮಲಗಿದಲ್ಲಿಂದಲೇ, "ಆ ಅಜ್ಜಿಗೆ ಇನ್ನೊಂದು ಇಕ್ಕು, ಕೈ ಬಿಗಿ ಮಾಡ್ಬ್ಯಾಡ" ಎಂದು ನನ್ನನ್ನು ಗದರುತ್ತಿದ್ದರು. ಕೊಳವೆಯ ಬಣ್ಣ ಕಿತ್ತಲೆಯಾಯಿತು, ಹಳದಿಯಾಯಿತು, ಹಸಿರಾಯಿತು. ಒಂದೊಂದು ಬಣ್ಣಕ್ಕೂ ನಾನು ಕೈ ಮುಗಿದೆ. ಗಾಯ ಅಂಚಿನಿಂದ ಕೂಡತೊಡಗಿತು.

ಊರಿಗೆ ಬಂದಾಗ ಅತ್ತೆಯ ರವಿಕೆ ಜೋಲುತ್ತಿತ್ತು. ಪಕ್ಕದ ಮನೆಯಾಕೆ ಬಾಯಿ ಬಡಿದುಕೊಂಡಳು: "ಅಯ್ಯೋ, ಸೊಸೆ ಉಪಾಸ ಕೆಡವವ್ಳೆ! ಮನೆ ಕಳೇನೇ ಹೋಯ್ತು!"

ಅತ್ತೆ ಗಾಡಿಯಿಂದ ತಾವೇ ಇಳಿದು, ಹೆಬ್ಬೆರಳಿಲ್ಲದ ಪಾದ ಮುಂದೆ ಚಾಚಿದರು.

"ಕಳೆ ಹೋದ್ರೆ ಹೋಗ್ಲಿ ಬುಡು. ನಾಳೆ ಜಂಗಮರಿಗೆ ನಿಂತ್ಕಂಡು ಬಡಿಸೋಕೆ ಕಾಲು ಬ್ಯಾಡ್ವಾ?"

ಮರುದಿನ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಅವರೇ ಬಡಿಸಿದರು. ನಾನು ಹಿಂದೆ ಸಾರಿನ ಪಾತ್ರೆ ಹಿಡಿದು ನಡೆದೆ.