ಫ್ಯಾಕ್ಸಿನ ನೆತ್ತಿಯ ಮೇಲಿನ ಹೆಸರು

ಬಾಯಲ್ಲಿ ಆಡಿದರೆ ಜಗಳವಾಗುವಂಥ ಮಾತನ್ನು ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಸಿಟ್ಟು ತೀರಿಸಿಕೊಳ್ಳುವವಳು. ನನ್ನ ಪಾಸ್‌ವರ್ಡುಗಳಲ್ಲಿ, ಫೋಲ್ಡರುಗಳ ಹೆಸರಿನಲ್ಲಿ, ಯಾರ್ಯಾರ ಮೇಲಿನದೋ ಕೋಪ ಇರುತ್ತದೆ. ಅದನ್ನೆಲ್ಲ ಯಾರು ನೋಡುತ್ತಾರೆ ಎಂಬ ಧೈರ್ಯ. ಆ ಧೈರ್ಯ ಇಳಿದದ್ದು ಕೊಡಿಗೇಹಳ್ಳಿಯ ಅಗರಬತ್ತಿ ಕಾರ್ಖಾನೆಯಲ್ಲಿ.

ಕಾರ್ಖಾನೆ ಎಂದರೆ ಒಂದು ಹಳೇ ಮನೆಯ ಹಜಾರ, ಅಷ್ಟೇ. ಹೆಂಗಸರು ಕೆಳಗೆ ಕೂತು ಪ್ಯಾಕಿಂಗ್ ಮಾಡುತ್ತಾರೆ, ಮೂಲೆಯ ಮೇಜಿನ ಮೇಲೆ ಕಂಪ್ಯೂಟರ್. ಯಜಮಾನರನ್ನು ಎಲ್ಲರೂ ಸಾಹೇಬರೆಂದೇ ಕರೆಯುವುದು. ವಯಸ್ಸಾಗಿದೆ, ಕಿವಿ ಮಂದ. ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಇಮೇಲ್ ಮೇಲೆ ನಂಬಿಕೆಯಿಲ್ಲ. ಅವರ ಬತ್ತಿ ಕೊಳ್ಳುವ ಜಪಾನಿನ ವ್ಯಾಪಾರಿಗೂ ಫ್ಯಾಕ್ಸೇ ಆಗಬೇಕು. ಹಳೆಯ ಫ್ಯಾಕ್ಸ್ ಮಷೀನು ಕೈಕೊಟ್ಟಾಗ, ಅಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನಾನು ಲಿನಕ್ಸ್ ಕಂಪ್ಯೂಟರಿಗೆ ಒಂದು ಮೋಡೆಮ್ ಸಿಕ್ಕಿಸಿ, ಟೆಲಿಫೋನ್ ವೈರನ್ನು ಅದಕ್ಕೆ ಜೋಡಿಸಿ, ಕಾಗದವಿಲ್ಲದೆ ಫ್ಯಾಕ್ಸ್ ಹೋಗಿ ಬರುವ ಏರ್ಪಾಡು ಮಾಡಿದೆ.

ಅದನ್ನು ಹೊಂದಿಸುವಾಗ ಒಂದು ಫೈಲಿನಲ್ಲಿ ಕಳಿಸುವವರ ಹೆಸರು ಬರೆಯಬೇಕು. ಯಾವ ಹೆಸರು ಹಾಕಲಿ ಎಂದು ಸಾಹೇಬರನ್ನು ಕೇಳಿದೆ. ಫೋನ್ ನಂಬರ್ ಹೇಳಿದರು. ಮತ್ತೆ ಕೇಳಿದೆ. ಟೀ ತರಿಸಿದರು. ನನಗೆ ರೇಗಿಹೋಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ‘ಕಿವುಡ’ ಎಂದು ಹೊಡೆದು, ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡೆ. ಟೆಸ್ಟ್ ಮಾಡುವ ಗಡಿಬಿಡಿಯಲ್ಲಿ ಮರೆತೇ ಬಿಟ್ಟೆ. ಆ ಹೆಸರು ನಮ್ಮ ಬಳಿ ಉಳಿಯುವ ಪ್ರತಿಯಲ್ಲಿ ಕಾಣುವುದಿಲ್ಲ. ಮೋಡೆಮ್ ಕಿರುಚಿಕೊಂಡು ಪುಟಗಳನ್ನು ಕಳಿಸುವಾಗ ಪ್ರತಿ ಪುಟದ ನೆತ್ತಿಗೂ ತಾನಾಗಿ ಅಂಟಿಕೊಳ್ಳುತ್ತದೆ. ಅದನ್ನು ಓದುವವರು ಆ ಕಡೆಯವರು ಮಾತ್ರ.

ಹೋದ ವರ್ಷ ಜಪಾನಿನ ಆಫೀಸಿಗೆ ಸಾಹೇಬರ ಪರಿಚಯವಿಲ್ಲದ ಹೊಸಬರೊಬ್ಬರು ಬಂದರು. ಅವರ ಮೊದಲ ಫ್ಯಾಕ್ಸನ್ನು ನಾನು ಪರದೆಯ ಮೇಲೆ ತೆರೆದಾಗ ಸಾಹೇಬರು ಎಂದಿನಂತೆ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಇಂಗ್ಲಿಷನ್ನು ಬಿಡಿಸಿಕೊಂಡು ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ತಿಳಿಯುವುದಿಲ್ಲ.

“ಡಿಯರ್ ಮಿಸ್ಟರ್ ಕಿವುಡ,” ಎಂದು ಓದಿದರು.

ಹಜಾರದಲ್ಲಿ ಕೈಗಳು ನಿಂತವು. ಪ್ಯಾಕಿಂಗಿನವರಲ್ಲಿ ಹಿರಿಯಳು, “ಜಪಾನ್ನೋರ್ಗೆ ಎಂಗ್ ಗೊತ್ತಾಯ್ತು?” ಎಂದು ನಿಜವಾಗಿಯೇ ಕೇಳಿದಳು. ಪಕ್ಕದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನನ್ನ ಕಿವಿಯವರೆಗೂ ಬಿಸಿಯೇರಿತು. ಅದು ಜಪಾನಿ ಭಾಷೆಯಲ್ಲಿ ಯಜಮಾನರಿಗೆ ಹೇಳುವ ಮಾತು ಎಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ನಾಲಗೆಯ ತುದಿಗೇ ಬಂದಿತ್ತು. ಆದರೆ ಸಾಹೇಬರು ಪರದೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

“ತಪ್ಪಾಯ್ತು ಸರ್,” ಎಂದೆ, ಮೆತ್ತಗೆ.

“ಏನಂದೆ?”

“ಅದು ನಾನೇ ಹಾಕಿದ್ದು ಸರ್.”

“ಕೇಳಿಸ್ತಿಲ್ಲಮ್ಮ. ಜೋರಾಗ್ ಹೇಳು.”

ತಪ್ಪೊಪ್ಪಿಕೊಳ್ಳುವ ಮಾತು ತಗ್ಗಿದ ದನಿಯದು. ನಾನು ಅದನ್ನು ಕಿರುಚಬೇಕಾಯಿತು. “ಸಿಟ್ಟಲ್ಲಿ ನಾನೇ ಆ ಹೆಸ್ರು ಹಾಕ್ದೆ ಸರ್. ತೆಗಿಯೋದು ಮರ್ತೆ. ಕಳಿಸಿರೋ ಎಲ್ಲಾ ಫ್ಯಾಕ್ಸಲ್ಲೂ ಹೋಗಿದೆ.” ಬೀದಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಸೊಪ್ಪು ಮಾರುತ್ತಿದ್ದವನೂ ಬಾಗಿಲಲ್ಲಿ ಇಣುಕಿ ನೋಡಿದ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೇ ಅನುಕೂಲವಿತ್ತು. ಬೈಸಿಕೊಂಡರೆ ನಾನೂ ಎರಡು ಮಾತಾಡಿ ಹಗುರಾಗಿಬಿಡುತ್ತೇನೆ.

“ದುಬೈಗೆ, ನಮ್ ಬೀಗರ ಅಂಗಡಿಗೆ ಕಳ್ಸಿದ್ವಲ್ಲ, ಅದ್ರಲ್ಲೂನಾ?” ಎಂದು ಕೇಳಿದರು.

ತಲೆಯಾಡಿಸಿದೆ.

“ಅವ್ರಿಗೆ ಕನ್ನಡ ಬರುತ್ತೆ,” ಎಂದರು. ದೂರುವ ದನಿಯಲ್ಲ, ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಆ ಕ್ಷಣ ನಾಚಿಕೆಯಿಂದ ನಾನು ಕುಗ್ಗಿಹೋದೆ. ಮಗಳನ್ನು ಕೊಟ್ಟ ಮನೆಯವರು ಆ ಪುಟವನ್ನು ನೋಡಿಯೂ ಏನನ್ನೂ ಕೇಳಿರಲಿಲ್ಲ.

ಸಾಹೇಬರು ಸ್ಟೂಲೊಂದನ್ನು ಎಳೆದುಕೊಂಡು ಕೂತರು. “ಆ ಹೆಸ್ರು ತೆಗಿ. ನಂದು ಹಾಕ್ಬೇಡ, ನಿಂದೇ ಹಾಕು. ಆವಾಗ ನೋಡ್ಕೊಂಡ್ ಹಾಕ್ತೀಯ.”

ಹಾಕಿದೆ. ಒಂದೊಂದು ಅಕ್ಷರವನ್ನೂ ನೋಡಿಕೊಂಡೇ ಹಾಕಿದೆ.

ಅಲ್ಲಿಂದೀಚೆಗೆ ಜಪಾನಿನ ಫ್ಯಾಕ್ಸುಗಳೆಲ್ಲ ನನ್ನ ಹೆಸರಿಗೇ ಬರುತ್ತವೆ. ಬತ್ತಿಯ ಪರಿಮಳವನ್ನು ಹೊಗಳುತ್ತಾರೆ, ಆರೋಗ್ಯ ವಿಚಾರಿಸುತ್ತಾರೆ, ಇಷ್ಟು ವರ್ಷದ ನಂಬಿಕೆಗೆ ವಂದನೆ ಹೇಳುತ್ತಾರೆ. ಸಾಹೇಬರಿಗೆ ಸಲ್ಲಬೇಕಾದ ಮರ್ಯಾದೆಯೆಲ್ಲ ನನಗೆ ಸಲ್ಲುತ್ತದೆ. ಸಾಹೇಬರು ನನ್ನ ಹಿಂದೆ ನಿಂತು, ನನ್ನ ಹೆಸರಿನಿಂದ ಶುರುಮಾಡಿ, ಒಂದು ಮಾತನ್ನೂ ಬಿಡದೆ ಜೋರಾಗಿ ಓದುತ್ತಾರೆ.