ಮುಖಪುಟ ಕಿತ್ತ ಆರು ಸಂಚಿಕೆಗಳು

ತೊಂಬತ್ತರ ದಶಕದಲ್ಲಿ ನಾವು ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿದ್ದಾಗ ನನಗೆ ಸದಾ ಸುಸ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಹತ್ತು ಗಂಟೆ ನಿಂತು, ಮತ್ತೆ ಒಂದು ಗಂಟೆ ಕಾರು ಓಡಿಸಿ ಮನೆ ಸೇರಿದರೆ ಮಾತಾಡಲೂ ಬೇಸರ. ಅಷ್ಟು ಹೊತ್ತು ಮಗಳನ್ನು ನೋಡಿಕೊಳ್ಳುತ್ತಿದ್ದವರು ಪಕ್ಕದ ಮನೆಯ ಅಮೆರಿಕನ್ ಮುದುಕರು, ಒಂಟಿ ಜೀವ. ಮಗಳಿಗೆ ಅವರು ಅಂಕಲ್.

ಮಗಳಿಗೆ ಕಾಮಿಕ್ಸ್ ಹುಚ್ಚು. ಮುಸುಕು ಹಾಕಿದ ವೀರರೆಲ್ಲ ಕಾಮಿಕ್ಸ್‌ನಲ್ಲೇ ಹುಟ್ಟಿದರೆಂದು ಅವಳ ನಂಬಿಕೆ. ಅಂಕಲ್ ಒಪ್ಪುತ್ತಿರಲಿಲ್ಲ. ತಾವು ಚಿಕ್ಕವರಿದ್ದಾಗಲೇ, ಒರಟು ಕಾಗದದ ಅಗ್ಗದ ಕಥಾಪತ್ರಿಕೆಗಳಲ್ಲಿ ಈ ವೀರರ ಅಣ್ಣಂದಿರು ಇದ್ದರು ಎನ್ನುತ್ತಿದ್ದರು. ಹಗಲು ಸಾಹುಕಾರ, ಕತ್ತಲಾದರೆ ಮುಸುಕು, ಯಾರಿಗೂ ಗೊತ್ತಿಲ್ಲದ ನೆಲಮಾಳಿಗೆ, ಎಲ್ಲ ಅಲ್ಲಿಂದಲೇ ಬಂದದ್ದಂತೆ. ಇದನ್ನು ಲೈಬ್ರರಿಯಲ್ಲಿ ಮಕ್ಕಳಿಗೆ ತೋರಿಸಿ ಹೇಳಬೇಕೆಂಬುದು ಅವರ ಬಹುದಿನದ ಆಸೆ. ಅಂತೂ ಅದಕ್ಕೆ ಒಂದು ಶನಿವಾರ ನಿಗದಿಯಾಯಿತು. ಅಷ್ಟರೊಳಗೆ ಓದಲಿ ಎಂದು ಒಂದು ಧಾರಾವಾಹಿಯ ಆರು ಸಂಚಿಕೆಗಳನ್ನು ಮಗಳ ಕೈಗೆ ಕೊಟ್ಟರು.

ಮುಟ್ಟಿದರೆ ಉದುರುವ ಕಾಗದ. ಮೈಸೂರಿನ ಮನೆಯಲ್ಲಿ ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಮುಗಿದೊಡನೆ ಕಥೆಯ ಹಾಳೆಗಳನ್ನಷ್ಟೇ ಬಿಡಿಸಿ, ದಬ್ಬಣದಿಂದ ಹೊಲಿದು, ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದರು. ಉಳಿದದ್ದು ರದ್ದಿಗೆ. ಮಗಳನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವವರಿಗೆ ನಾನು ಯಾವತ್ತೂ ಏನೂ ಮಾಡಿರಲಿಲ್ಲ. ಒಂದು ಭಾನುವಾರ ಬೆನ್ನು ನೋಯುತ್ತಿದ್ದರೂ ಕೂತು ಆ ಆರು ಸಂಚಿಕೆಗಳಿಗೂ ಅದೇ ಕೆಲಸ ಮಾಡಿದೆ. ಜಾಹೀರಾತು, ಮುಖಪುಟ ಎಲ್ಲ ಕಿತ್ತು ಕಸಕ್ಕೆ ಹಾಕಿದೆ. ಸೋಮವಾರ ಬೆಳಿಗ್ಗೆ ಕಸದ ಲಾರಿ ಬಂದು ಹೋಯಿತು.

ಸಂಜೆ ಮಗಳು ಪುಸ್ತಕ ತಿರುವಿ ಹಾಕಿ, "ಅಮ್ಮಾ, ಕವರ್ಸ್ ಎಲ್ಲಿ? ಸಾಟರ್ಡೇ ಅಂಕಲ್‌ಗೆ ಅದೇ ಬೇಕು" ಎಂದಳು.

ಮುಸುಕು, ಹಾರುವ ನಿಲುವಂಗಿ, ಎಲ್ಲ ಬಣ್ಣದಲ್ಲಿ ಇದ್ದದ್ದು ಮುಖಪುಟದಲ್ಲಿ ಮಾತ್ರ. ಅವರ ಮಾತಿಗೆ ಸಾಕ್ಷಿಯೇ ಅದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು.

ಪುಸ್ತಕ ಹಿಡಿದು ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಹೊಲಿಗೆಯ ಮೇಲೆ ಬೆರಳಾಡಿಸಿದರು. ಇದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರು. ಇಡೀ ದಿನ ಎಂದೆ. ಸರಿ ಎಂದು ತಲೆಯಾಡಿಸಿ ಒಳಗಿಟ್ಟುಕೊಂಡರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಶನಿವಾರ ಲೈಬ್ರರಿಯಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತೆ, ಮಗಳು ಮುಂದೆ. ಅಂಕಲ್ ನನ್ನ ರಟ್ಟಿನ ಪುಸ್ತಕ ಹಿಡಿದು ಕಥೆ ಹೇಳಿದರು, ನಿಲುವಂಗಿ ಹೇಗಿತ್ತೆಂದು ಕೈ ಬೀಸಿ ತೋರಿಸಿದರು. ಮಕ್ಕಳು ನಕ್ಕರು. ಚಿತ್ರವೇ ಇಲ್ಲದಿದ್ದರೆ ನಿಜವೆಂದು ಹೇಗೆ ನಂಬುವುದು ಎಂದು ಒಬ್ಬ ಹುಡುಗಿ ಕೇಳಿದಳು. ಚಿಕ್ಕಂದಿನಲ್ಲಿ ಮುಖಪುಟಗಳನ್ನು ತಾವೇ ಕಿತ್ತು ಗೋಡೆಗೆ ಅಂಟಿಸಿ ಹಾಳುಮಾಡಿದ್ದು, ತಪ್ಪು ತಮ್ಮದೇ ಎಂದುಬಿಟ್ಟರು.

ಮಗಳು ತಿರುಗಿ ನನ್ನನ್ನೇ ನೋಡಿದಳು. ನಾನು ಏಳಲಿಲ್ಲ.