ಅತ್ತೆಯ ಬೇರು, ನನ್ನ ಪಥ್ಯ

ನನ್ನ ಅತ್ತೆ ಅಮರಮ್ಮ ತೆಲಂಗಾಣದ ಗದ್ವಾಲ ಕಡೆಯ ಶಾಂತಿನಗರದಲ್ಲಿ ಕಾಮಾಲೆಗೆ ಔಷಧ ಕೊಡುತ್ತಿದ್ದರು. ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕಟ್ಟೆಯ ಮೇಲೆ ಕುಳಿತವರಿಗೆ ಬೇರು ಅರೆದು ಮಜ್ಜಿಗೆಯಲ್ಲಿ ಕುಡಿಸುವುದು. ಕೊಡುವವರು ಅದನ್ನು ತಮ್ಮ ಕೈಯಿಂದ ತಾವೇ ಕುಡಿಯುವಂತಿಲ್ಲ. ಕುಡಿದವರು, ಕೊಟ್ಟವರ ಪಥ್ಯಕ್ಕೆ ಎದುರಾಡುವಂತಿಲ್ಲ. "ಉಪ್ಪು ತಿಂದ್ರ ಏನಾಗತೈತ್ರೀ?" ಎಂದವನೊಬ್ಬನನ್ನು ಅತ್ತೆ ಕಟ್ಟೆಯಿಂದಲೇ ಎಬ್ಬಿಸಿ ಕಳಿಸಿದ್ದರು. ಹಟಮಾರಿ ಮುದುಕಿ! ಬೇರಿನ ಹೆಸರನ್ನು ಸೊಸೆಯಾದ ನನಗೂ ಹೇಳಿರಲಿಲ್ಲ. ಹೇಳಿದರೆ ಕೈಗುಣ ಕೇಳಿದವರಿಗೆ ಹೋಗುತ್ತದಂತೆ.

ಗದ್ವಾಲ ಹೊಸ ಜಿಲ್ಲೆಯಾದ ವರ್ಷ ಅವರಿಗೇ ಮೈ ಹಳದಿಯಾಯಿತು. ಪಿತ್ತನಾಳದಲ್ಲಿ ಕ್ಯಾನ್ಸರ್ ಗಡ್ಡೆ. ಕರ್ನೂಲಿನ ಡಾಕ್ಟರು ಬಾಯಿಯ ಮೂಲಕ ಸ್ಟೆಂಟ್ ಎಂಬ ಸಣ್ಣ ಪ್ಲಾಸ್ಟಿಕ್ ಕೊಳವೆ ಇಳಿಸಿ ಪಿತ್ತಕ್ಕೆ ದಾರಿ ಮಾಡಿದರು. ಒಳಗೆ ಬ್ಯಾಕ್ಟೀರಿಯಾ ಸೇರಿಕೊಂಡು ಕೊಳವೆ ಕಟ್ಟಿಕೊಳ್ಳುತ್ತದೆ, ಮೂರು ತಿಂಗಳಿಗೊಮ್ಮೆ ಬದಲಿಸಲೇಬೇಕು, ಚಳಿಜ್ವರ ಬಂದರೆ ತಕ್ಷಣ ಬನ್ನಿ ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು.

ಹಳದಿ ಇಳಿಯಿತು, ಊಟ ಸೇರಿತು. ಬದಲಿಸುವ ಹೊತ್ತಿಗೆ ಅತ್ತೆ ರಾಗ ತೆಗೆದರು. "ಗುಣ ಆದಾಕಿಗೆ ಮತ್ಯಾಕ ದವಾಖಾನಿ? ಸುಮ್ಕಿರು." ನಾನು ಅರಚಿದ್ದೇ ಬಂತು.

ಒಂದು ಶನಿವಾರ ಸಂಜೆ ಗಡಗಡ ನಡುಗತೊಡಗಿದರು. ಕೌದಿಯ ಮೇಲೆ ಕೌದಿ ಹೊದಿಸಿದರೂ ನಿಲ್ಲದು. ಕಣ್ಣು ಮತ್ತೆ ಹಳದಿ. ಕೊಳವೆ ಕಟ್ಟಿಕೊಂಡಿದೆ, ನಂಜು ರಕ್ತಕ್ಕೆ ಏರಿದರೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಯಿತು. ಎಷ್ಟೇ ಜಗಳವಾಡಲಿ, ಅವರಿಲ್ಲದ ಮನೆ ನನಗೆ ಬೇಡವಾಗಿತ್ತು. ಅವರಿಗೆ ಮಾತ್ರ ಇದು ಬರೀ ಕಾಮಾಲೆ.

"ಗಂಗೀ, ಬಾ ಇಲ್ಲಿ" ಎಂದು ಕರೆದು ಕಿವಿಯಲ್ಲಿ ಬೇರಿನ ಹೆಸರು ಹೇಳಿದರು. "ಇನ್ನ ಅದು ನಿನ್ನ ಕೈಯಾಗ ಐತಿ. ಅರದು ಕುಡಸು."

"ಅಂದ್ರ ಔಷಧ ಕೊಡಾಕಿ ಇನ್ನ ನಾನ ಏನ್ರಿ ಅತ್ತಿ?"

"ಹೂನವ್ವ, ನೀನ."

"ಹಂಗಾದ್ರ ಪಥ್ಯ ಹೇಳಾಕಿನೂ ನಾನ. ಮೊದಲು ಕರ್ನೂಲಿಗೆ ಹೋಗಿ ಕೊಳವಿ ಬದಲಿ ಮಾಡಸೋದು, ಅದ ನನ್ನ ಪಥ್ಯ. ಏಳ್ರಿ!"

ಅತ್ತೆ "ಭಾಳ ಶಾಣ್ಯಾಕಿ ಆಗೀದಿ" ಎಂದು ಬೈಯುತ್ತಲೇ ನನ್ನ ಹೆಗಲು ಹಿಡಿದು ಆಟೋ ಹತ್ತಿದರು.

ಹೊರತೆಗೆದ ಕೊಳವೆಯ ತುಂಬ ಕರಿ ರಾಡಿ. ಹೊಸದನ್ನು ಹಾಕಿ, ಆಂಟಿಬಯೋಟಿಕ್ ಕೊಟ್ಟ ಮೇಲೆ ಜ್ವರ ಬಿಟ್ಟಿತು. ಕ್ಯಾನ್ಸರ್ ಬಿಡಲಿಲ್ಲ. ಮರುವರ್ಷ ತೀರಿಕೊಂಡರು.

ಅಲ್ಲಿಯವರೆಗೆ ಕೊಳವೆ ಬದಲಿಸುವ ದಿನವನ್ನು ನಾನು ನೆನಪಿಸಬೇಕಾಗಿರಲಿಲ್ಲ. ನಾನು ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಖಾಲಿ ಹೊಟ್ಟೆಯಲ್ಲಿ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು, ಔಷಧಕ್ಕೆ ಬಂದವರು ಕೂರುತ್ತಿದ್ದ ಜಾಗದಲ್ಲಿ.